ಎಲಿನಾರ್ ಗಿಬ್ಸನ್: ಮಾತು ಬಾರದ ಮಕ್ಕಳಿಗೆ ಪ್ರಶ್ನೆ ಕೇಳಿದ ವಿಜ್ಞಾನಿ

ಚೌಕುಳಿ ವಿನ್ಯಾಸದ ಮೇಜಿನ ಮೇಲೆ ಅಂಬೆಗಾಲಿಡುವ ಮಗುವೊಂದಿದೆ. ಮೇಜಿನ ಇನ್ನೊಂದು ಅರ್ಧದಲ್ಲಿ ಬರೀ ಗಾಜು. ಆ ಗಾಜಿನ ಮೂಲಕ ದೂರದ ನೆಲ ಕಾಣುತ್ತದೆ. ಆಚೆ ಬದಿಯಿಂದ ಅಮ್ಮ ಕರೆಯುತ್ತಿದ್ದಾಳೆ. ಮಗು ಅಂಚಿನವರೆಗೆ ಬಂದು ನಿಂತುಬಿಡುತ್ತದೆ. ಈ ಕಪ್ಪು-ಬಿಳುಪು ಚಿತ್ರ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಹಲವು ದಶಕಗಳಿಂದ ಇದೆ. ಮಕ್ಕಳನ್ನು ಬೆಳೆಸುವ ಬಗ್ಗೆ ಮಾತು ಬಂದಾಗಲೆಲ್ಲ ಇದರ ಹೆಸರಿನಲ್ಲಿ ಒಂದು ಮಾತು ಓಡಾಡುತ್ತದೆ: ಮಕ್ಕಳಿಗೆ ಎತ್ತರದ ಭಯ ಹುಟ್ಟಿನಿಂದಲೇ ಇರುತ್ತದೆ.

ಹೊಸದಾಗಿ ಅಪ್ಪ ಅಮ್ಮ ಆದವರಿಗೆ ಇದು ಸಣ್ಣ ವಿಷಯ ಅಲ್ಲ. ಭಯ ಹುಟ್ಟಿನಿಂದಲೇ ಇದ್ದರೆ ಮಂಚದ ಅಂಚಿಗೆ ಬಂದ ಮಗು ತಾನಾಗಿಯೇ ನಿಲ್ಲಬೇಕು, ಅಲ್ವಾ? ಆದರೆ ಎಷ್ಟೋ ಮಕ್ಕಳು ನಿಲ್ಲುವುದಿಲ್ಲ, ಬೀಳುತ್ತವೆ. ನಿನ್ನೆಯವರೆಗೆ ಅದೇ ಮಂಚದ ಮೇಲೆ ಕೂತು ಆಡುತ್ತಿದ್ದ ಮಗು ಇವತ್ತು ಬಿದ್ದಿತೆಂದರೆ ಮನೆಯವರಿಗೆ ಏನೂ ಅರ್ಥವಾಗುವುದಿಲ್ಲ.

ಇದು ಅರ್ಥವಾಗಬೇಕಾದರೆ ಆ ಪ್ರಯೋಗ ಮಾಡಿದ ಎಲಿನಾರ್ ಗಿಬ್ಸನ್ ಅವರ ಕೆಲಸವನ್ನು ಮೊದಲಿನಿಂದ ನೋಡಬೇಕು. ಅಮೆರಿಕದ ಈ ವಿಜ್ಞಾನಿ 1910ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡರು. ಅವರ ಪ್ರಯೋಗ ಹೇಳಿದ್ದು ಒಂದು, ಜನರ ಬಾಯಲ್ಲಿ ಉಳಿದದ್ದು ಇನ್ನೊಂದು. ಆ ವ್ಯತ್ಯಾಸವನ್ನು ತೋರಿಸಿದವರಲ್ಲಿ ಅವರದೇ ಶಿಷ್ಯೆಯೊಬ್ಬರು ಇದ್ದಾರೆ.

ಪ್ರಾಯೋಗಿಕ ಮನೋವಿಜ್ಞಾನ ಎಂದರೆ ಏನು?

ಮನೋವಿಜ್ಞಾನಿ ಎಂದ ಕೂಡಲೇ ಎದುರಿಗೆ ಕೂತು ಕಷ್ಟ ಕೇಳುವ ಚಿಕಿತ್ಸಕರು ನೆನಪಾಗುತ್ತಾರೆ. ಪ್ರಾಯೋಗಿಕ ಮನೋವಿಜ್ಞಾನಿಯ ಕೆಲಸ ಬೇರೆ. ನೋಡುವುದು, ಕೇಳುವುದು, ಕಲಿಯುವುದು, ನೆನಪಿಡುವುದು ಇವೆಲ್ಲ ಹೇಗೆ ನಡೆಯುತ್ತವೆ ಎಂದು ಅವರು ಪರೀಕ್ಷೆ ಮಾಡಿ ತಿಳಿದುಕೊಳ್ಳುತ್ತಾರೆ. ಪರೀಕ್ಷೆಯ ನಿಯಮ ಸರಳ. ಒಂದು ಅಂಶವನ್ನು ಮಾತ್ರ ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. ಆಮೇಲೆ ವರ್ತನೆ ಬದಲಾಯಿತೇ ಎಂದು ನೋಡಬೇಕು.

ದೊಡ್ಡವರ ವಿಷಯದಲ್ಲಿ ಇದು ಅಷ್ಟು ಕಷ್ಟವಲ್ಲ. ಅವರನ್ನು ಕೇಳಬಹುದು, ಅವರು ಉತ್ತರ ಹೇಳುತ್ತಾರೆ. ಏಳು ತಿಂಗಳ ಮಗುವನ್ನು ಕೇಳುವುದು ಹೇಗೆ? ಅದಕ್ಕೆ ನಿಮ್ಮ ಪ್ರಶ್ನೆ ಅರ್ಥವಾಗುವುದಿಲ್ಲ, ಉತ್ತರ ಹೇಳಲು ಮಾತೂ ಬಾರದು. ಹಾಗಾಗಿ ಮಗು ಏನು ಮಾಡಬಲ್ಲದೋ ಅದನ್ನೇ ಉತ್ತರವಾಗಿ ಓದಿಕೊಳ್ಳಬೇಕು. ಅದು ಎತ್ತ ನೋಡುತ್ತದೆ, ಎಷ್ಟು ಹೊತ್ತು ನೋಡುತ್ತದೆ, ಎತ್ತ ಹೋಗುತ್ತದೆ, ಎಲ್ಲಿ ತಡೆಯುತ್ತದೆ, ಎದೆಬಡಿತ ಏರುತ್ತದೆಯೇ ಇಳಿಯುತ್ತದೆಯೇ ಎಂದು ಗಮನಿಸಬೇಕು. ಪ್ರಶ್ನೆಯನ್ನು ಮಾತಿನಲ್ಲಿ ಕೇಳದೆ, ಮಗುವಿನ ಸುತ್ತಲಿನ ಜಾಗದಲ್ಲೇ ಕಟ್ಟಿಡಬೇಕು. ಗಿಬ್ಸನ್ ಅವರಿಗೆ ಈ ಕಲೆ ಅಪರೂಪವೆನ್ನುವಷ್ಟು ಚೆನ್ನಾಗಿ ಸಿದ್ಧಿಸಿತ್ತು.

ಬಾಗಿಲು ತೋರಿಸಿದವರು, ಸಂಬಳ ಕೊಡದವರು

ಹುಟ್ಟಿದ್ದು ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ಹೆಣ್ಣುಮಕ್ಕಳಿಗೆಂದೇ ಇದ್ದ ಸ್ಮಿತ್ ಕಾಲೇಜಿನಲ್ಲಿ ಓದಿ 1931ರಲ್ಲಿ ಪದವಿ ಪಡೆದರು. ಪ್ರಾಯೋಗಿಕ ಮನೋವಿಜ್ಞಾನದ ರುಚಿ ಹತ್ತಿದ್ದು ಅಲ್ಲೇ. ಆ ವಿಷಯ ಕಲಿಸುತ್ತಿದ್ದ ಜೇಮ್ಸ್ ಗಿಬ್ಸನ್ ಅವರನ್ನು 1932ರಲ್ಲಿ ಮದುವೆಯಾದರು. ಜೇಮ್ಸ್ ಮುಂದೆ ಕಣ್ಣಿನ ಗ್ರಹಿಕೆಯ ಬಗ್ಗೆ ಬಹಳ ಪ್ರಭಾವ ಬೀರಿದ ಚಿಂತಕರಾದರು. ಇಬ್ಬರೂ ಒಬ್ಬರಿಂದ ಒಬ್ಬರು ಕಲಿತರು, ವಾದವನ್ನೂ ಮಾಡಿದರು.

1935ರಲ್ಲಿ ಎಲಿನಾರ್ ಡಾಕ್ಟರೇಟ್ ಓದಲು ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಪ್ರಾಣಿಗಳ ಮೇಲೆ ಅಧ್ಯಯನ ಮಾಡುವ ಆಸೆ ಇತ್ತು. ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾಗಿದ್ದ ರಾಬರ್ಟ್ ಯರ್ಕ್ಸ್ ಅವರನ್ನು ಕಂಡರು. ತಮ್ಮ ಪ್ರಯೋಗಾಲಯದಲ್ಲಿ ಹೆಂಗಸರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿ ಯರ್ಕ್ಸ್ ಎದ್ದು ಬಾಗಿಲು ತೆಗೆದು ಹಿಡಿದರಂತೆ. ಇದನ್ನು ಗಿಬ್ಸನ್ ಅವರೇ ನಂತರ ಹೇಳಿಕೊಂಡಿದ್ದಾರೆ. ಅವರು ಊರು ಬಿಟ್ಟು ಹೋಗಲಿಲ್ಲ. ಅದೇ ವಿಶ್ವವಿದ್ಯಾಲಯದ ಕ್ಲಾರ್ಕ್ ಹಲ್ ಅವರ ಬಳಿ ಸೇರಿದರು. ಹಲ್ ಅವರ ಸಿದ್ಧಾಂತಕ್ಕೂ ಇವರ ಮನಸ್ಸಿನ ಪ್ರಶ್ನೆಗಳಿಗೂ ಅಷ್ಟೇನೂ ಹೊಂದುತ್ತಿರಲಿಲ್ಲ. ಆದರೂ ಆ ಚೌಕಟ್ಟಿನೊಳಗೇ ದಾರಿ ಮಾಡಿಕೊಂಡು 1938ರಲ್ಲಿ ಡಾಕ್ಟರೇಟ್ ಮುಗಿಸಿದರು.

ಎರಡನೇ ಮಹಾಯುದ್ಧ ಬಂತು. ಜೇಮ್ಸ್ ವಾಯುಸೇನೆಯ ಸಂಶೋಧನೆಗೆ ಹೋದರು. ಆ ವರ್ಷಗಳಲ್ಲಿ ಎಲಿನಾರ್ ಎರಡು ಮಕ್ಕಳನ್ನು ನೋಡಿಕೊಂಡರು, ಸಂಶೋಧನೆ ನಿಂತೇಹೋಯಿತು. 1949ರಲ್ಲಿ ಜೇಮ್ಸ್‌ಗೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕೆಲಸ ಸಿಕ್ಕಿತು. ಎಲಿನಾರ್ ಅವರಿಗೆ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಕಡೆ ಅಧ್ಯಾಪಕರಾಗುವಂತಿಲ್ಲ ಎಂಬ ನಿಯಮ ಆಗ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿತ್ತು. ಬಂಧುಗಳಿಗೆ ಕೆಲಸ ಕೊಡಿಸುವುದನ್ನು ತಡೆಯಲೆಂದು ಆ ನಿಯಮ ಮಾಡಿದ್ದರು. ಪೆಟ್ಟು ಬಿದ್ದದ್ದು ಮಾತ್ರ ಹೆಚ್ಚುಕಮ್ಮಿ ಯಾವಾಗಲೂ ಹೆಂಡತಿಗೆ.

ಹಾಗಾಗಿ 1949ರಿಂದ 1966ರವರೆಗೆ ಅವರು ಕಾರ್ನೆಲ್‌ನಲ್ಲಿ ರಿಸರ್ಚ್ ಅಸೋಸಿಯೇಟ್. ವಿಶ್ವವಿದ್ಯಾಲಯದಿಂದ ಸಂಬಳವಿಲ್ಲ, ಸ್ವಂತ ಪ್ರಯೋಗಾಲಯವೂ ಇಲ್ಲ. ಪ್ರಯೋಗ ಮಾಡಬೇಕೆಂದರೆ ಜಾಗ ಇದ್ದ ಯಾರದಾದರೂ ಜೊತೆ ಸೇರಬೇಕಿತ್ತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅವರಿಗೆ ಹೆಸರು ತಂದ ಕೆಲಸದ ಬಹುಪಾಲು ನಡೆದದ್ದು ಈ ವರ್ಷಗಳಲ್ಲೇ. ಒಮ್ಮೆ ಮೇಕೆ, ಒಮ್ಮೆ ಇಲಿ, ಒಮ್ಮೆ ಸೈನಿಕರು, ಒಮ್ಮೆ ಶಾಲೆಯ ಮಕ್ಕಳು ಎಂದು ಅವರ ಅಧ್ಯಯನ ಹಲವು ಕಡೆ ಹರಡಿದ್ದಕ್ಕೂ ಇದೇ ಕಾರಣ. ಎಲ್ಲಿ ಅವಕಾಶ ಸಿಕ್ಕಿತೋ ಅಲ್ಲಿಗೆ ತಮ್ಮ ಒಂದೇ ಪ್ರಶ್ನೆಯನ್ನು ಹೊತ್ತು ಹೋದರು.

ಮೊದಲು ಹೋದದ್ದು ಹೊವಾರ್ಡ್ ಲಿಡೆಲ್ ಅವರ ಪ್ರಾಣಿ ಅಧ್ಯಯನದ ಫಾರ್ಮ್‌ಗೆ. ಅಲ್ಲಿ ಮೇಕೆ ಮತ್ತು ಮರಿಗಳ ನಡುವಿನ ಬಾಂಧವ್ಯದ ಮೇಲೆ ಪ್ರಯೋಗ ಶುರು ಮಾಡಿದರು. ವಾರಾಂತ್ಯ ಕಳೆದು ಬಂದು ನೋಡಿದರೆ ಕೆಲವು ಮರಿಗಳೇ ಇರಲಿಲ್ಲ. ಈಸ್ಟರ್ ಹಬ್ಬದ ಉಡುಗೊರೆಯಾಗಿ ಅವನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಪ್ರಯೋಗ ಅಲ್ಲಿಗೇ ನಿಂತಿತು. ಆದರೆ ಅಲ್ಲಿ ಕಂಡ ಒಂದು ವಿಷಯ ಅವರ ತಲೆಯಲ್ಲಿ ಉಳಿಯಿತು. ಆಗಷ್ಟೇ ಹುಟ್ಟಿದ ಮೇಕೆಮರಿಯನ್ನು ಎತ್ತರದ ಚಿಕ್ಕ ಪೀಠದ ಮೇಲೆ ನಿಲ್ಲಿಸಿದರೆ ಅದು ಕೆಳಗೆ ಬೀಳದೆ ಹಾಗೇ ನಿಂತಿತ್ತು.

ಒಂದೇ ಪ್ರಶ್ನೆ: ನೋಡುವುದನ್ನೂ ಕಲಿಯುತ್ತೇವೆಯೇ?

ಆ ಪ್ರಶ್ನೆ ಇದು. ಕಣ್ಣು ತೆರೆದರೆ ಜಗತ್ತು ಕಾಣುತ್ತದೆ ಎಂದುಕೊಳ್ಳುತ್ತೇವೆ. ಆದರೆ ಅಭ್ಯಾಸವಾದ ಹಾಗೆ ನಮಗೆ ಕಾಣುವುದೇ ಬದಲಾಗುತ್ತದೆಯೇ? ಬದಲಾದರೆ ಹೇಗೆ?

ಆಗ ಜಾಸ್ತಿ ಜನ ಒಪ್ಪಿದ್ದ ಉತ್ತರ ಹೀಗಿತ್ತು. ಕಣ್ಣಿಗೆ ಬೀಳುವ ಮಾಹಿತಿ ಬಡವಾದದ್ದು, ಅರ್ಧಂಬರ್ಧವಾದದ್ದು. ನೆನಪು ಮತ್ತು ಅನುಭವಗಳಿಂದ ಮನಸ್ಸು ಅದಕ್ಕೆ ಬೇಕಾದದ್ದನ್ನು ಸೇರಿಸಿ ತುಂಬಿಕೊಳ್ಳುತ್ತದೆ. ಗಿಬ್ಸನ್ ದಂಪತಿ 1955ರಲ್ಲಿ ಇದಕ್ಕೆ ತದ್ವಿರುದ್ಧವಾದ ವಾದ ಮುಂದಿಟ್ಟರು. ಮಾಹಿತಿ ಹೊರಗಡೆ ಧಾರಾಳವಾಗಿದೆ. ಕಲಿಯುವುದೆಂದರೆ ಅದಕ್ಕೆ ಏನನ್ನೋ ಸೇರಿಸುವುದಲ್ಲ. ಮೊದಲಿನಿಂದಲೂ ಅಲ್ಲೇ ಇದ್ದ ವ್ಯತ್ಯಾಸಗಳನ್ನು ಗುರುತಿಸತೊಡಗುವುದು.

ಅವಳಿ ಮಕ್ಕಳನ್ನು ಮೊದಲ ಸಲ ನೋಡಿದವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಕೆಲವು ದಿನ ಒಡನಾಡಿದರೆ ಗುರುತು ಹಿಡಿಯಲು ಕಷ್ಟವಾಗುವುದಿಲ್ಲ. ಅವರ ಮುಖ ಬದಲಾಗಿರುವುದಿಲ್ಲ. ನೋಡುವವರು ಎಲ್ಲಿ ನೋಡಬೇಕೆಂದು ಕಲಿತಿರುತ್ತಾರೆ.

ಇದನ್ನು ಪರೀಕ್ಷಿಸಲು ಅವರು ಬಳಸಿದ್ದು ಸುಮ್ನೆ ಗೀಚಿದ ಸುರುಳಿಗಳನ್ನು. ಒಂದು ಸುರುಳಿಯ ಕಾರ್ಡನ್ನು ತೋರಿಸುತ್ತಾರೆ. ಆಮೇಲೆ ಒಂದು ಕಟ್ಟು ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ, ಮೊದಲು ನೋಡಿದ್ದು ಯಾವುದು ಎಂದು ಕೇಳುತ್ತಾರೆ. ಕೆಲವು ಕಾರ್ಡುಗಳಲ್ಲಿ ಸುತ್ತುಗಳ ಸಂಖ್ಯೆ ಮಾತ್ರ ಬೇರೆ, ಕೆಲವದರಲ್ಲಿ ಸುರುಳಿ ಸ್ವಲ್ಪ ಒತ್ತಾಗಿರುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ಯಾರೂ ಹೇಳುವುದಿಲ್ಲ. ಆದರೂ ದೊಡ್ಡವರು ಇಡೀ ಕಟ್ಟನ್ನು ಸರಾಸರಿ ಮೂರು ಸಲ ನೋಡುವಷ್ಟರಲ್ಲಿ ಸರಿಯಾದದ್ದನ್ನು ಮಾತ್ರ ಆರಿಸುವ ಹಂತಕ್ಕೆ ಬಂದರು. ದೊಡ್ಡ ಮಕ್ಕಳು ಅದಕ್ಕಿಂತ ಜಾಸ್ತಿ ಸಲ ನೋಡಬೇಕಾಯಿತು. ಆರರಿಂದ ಎಂಟು ವರ್ಷದ ಮಕ್ಕಳು ಇನ್ನೂ ಜಾಸ್ತಿ ಸಲ. ಬಹುಮಾನವಿಲ್ಲ, ಶಿಕ್ಷೆಯಿಲ್ಲ, ತಿದ್ದುವವರಿಲ್ಲ, ಆದರೂ ಕಲಿಕೆ ನಡೆಯಿತು. ಬಹುಮಾನ ಇಲ್ಲದೆ ಕಲಿಕೆಯೇ ಇಲ್ಲ ಎಂದು ನಂಬಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

ಗಾಜಿನ ಪ್ರಪಾತ ಹುಟ್ಟಿದ್ದು ಹೇಗೆ?

1950ರ ದಶಕದಲ್ಲಿ ಗಿಬ್ಸನ್ ಕಾರ್ನೆಲ್‌ನ ರಿಚರ್ಡ್ ವಾಕ್ ಜೊತೆ ಸೇರಿ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಕೆಲವು ಇಲಿಗಳನ್ನು ಹುಟ್ಟಿದಂದಿನಿಂದ ಪೂರ್ತಿ ಕತ್ತಲಲ್ಲೇ ಸಾಕಿದ್ದರು. ಏನನ್ನೂ ನೋಡದೆ ಬೆಳೆದ ಪ್ರಾಣಿಗೆ ಮೊದಲ ಸಲ ಬೆಳಕು ಸಿಕ್ಕಾಗ ಏನೇನು ಗೊತ್ತಾಗುತ್ತದೆ ಎಂಬುದು ಪ್ರಶ್ನೆ. ಕತ್ತಲಲ್ಲಿ ಇಲಿ ಸಾಕುವುದು ಬಹಳ ಶ್ರಮದ ಕೆಲಸ. ಅಷ್ಟು ಕಷ್ಟಪಟ್ಟು ಸಾಕಿದ ಇಲಿಗಳಿಂದ ಇನ್ನೊಂದು ಪರೀಕ್ಷೆಯನ್ನೂ ಮಾಡಿಬಿಡೋಣ ಎಂದುಕೊಂಡರು. ತರಬೇತಿಯೇ ಬೇಡದ ಪರೀಕ್ಷೆ ಬೇಕಿತ್ತು. ಸಹಾಯಕರಾಗಿದ್ದ ಥಾಮಸ್ ಟೈ ಜೊತೆ ಸೇರಿ ಗಾಜಿನ ಸಾಧನವೊಂದನ್ನು ಕಟ್ಟಿದರು.

ಸಾಧನ ಹೀಗಿದೆ. ನೆಲದಿಂದ ಎತ್ತರದಲ್ಲಿ ದಪ್ಪ ಗಾಜಿನ ದೊಡ್ಡ ಹಾಳೆ. ನಡುವೆ ಅಗಲ ಕಡಿಮೆ ಇರುವ ಒಂದು ಹಲಗೆ. ಹಲಗೆಯ ಒಂದು ಬದಿಯಲ್ಲಿ ಚೌಕುಳಿ ವಿನ್ಯಾಸವನ್ನು ಗಾಜಿಗೆ ಅಂಟಿದಂತೆ ಕೆಳಗೆ ಇಟ್ಟಿರುತ್ತಾರೆ. ಅತ್ತ ನೋಡಿದರೆ ಗಟ್ಟಿ ನೆಲ ಹತ್ತಿರದಲ್ಲೇ ಕಾಣುತ್ತದೆ. ಇನ್ನೊಂದು ಬದಿಯಲ್ಲಿ ಅದೇ ವಿನ್ಯಾಸವನ್ನು ಬಹಳ ಕೆಳಗೆ ಹಾಸಿರುತ್ತಾರೆ. ಅತ್ತ ನೋಡಿದರೆ ಪ್ರಪಾತ. ಗಾಜು ಎರಡೂ ಕಡೆ ಇರುವುದರಿಂದ ಯಾರೂ ಬೀಳುವುದಿಲ್ಲ. ಇದಕ್ಕೇ ವಿಶುವಲ್ ಕ್ಲಿಫ್ ಎಂದು ಹೆಸರು. ಕಣ್ಣಿಗೆ ಮಾತ್ರ ಇರುವ ಪ್ರಪಾತ.

ಇದರ ಜಾಣತನ ಇರುವುದು ಗಾಜಿನಲ್ಲಿ. ಮುಟ್ಟಿದರೆ ಎರಡೂ ಬದಿ ಒಂದೇ. ವಾಸನೆ, ಸದ್ದು, ತಂಪು ಎಲ್ಲ ಒಂದೇ. ಕಣ್ಣಿಗೆ ಕಾಣುವುದು ಮಾತ್ರ ಬೇರೆ. ಒಂದನ್ನು ಮಾತ್ರ ಬದಲಿಸಬೇಕು ಎಂಬ ನಿಯಮವನ್ನು ಇಷ್ಟು ಚೆನ್ನಾಗಿ ಪಾಲಿಸಿದ ಸಾಧನಗಳು ವಿರಳ. ಅನುಮಾನಕ್ಕೆ ಜಾಗ ಇರಬಾರದೆಂದು ಎರಡೂ ಬದಿಯಲ್ಲಿ ವಿನ್ಯಾಸವನ್ನು ಗಾಜಿನ ಹತ್ತಿರಕ್ಕೇ ತಂದೂ ನೋಡಿದರು. ಆಗ ಇಲಿಗಳು ಎರಡೂ ಕಡೆ ಬೇಧವಿಲ್ಲದೆ ಇಳಿದವು.

ಕತ್ತಲಲ್ಲಿ ಬೆಳೆದ ಇಲಿಗಳು ಬೆಳಕಿನಲ್ಲಿ ಬೆಳೆದ ಇಲಿಗಳ ಹಾಗೆಯೇ ಆಳವಿಲ್ಲದ ಬದಿಯನ್ನು ಆರಿಸಿದವು. ಆಮೇಲೆ ಬೇರೆ ಪ್ರಾಣಿಗಳನ್ನು ತಂದರು. ಮೊಟ್ಟೆಯಿಂದ ಹೊರಬಂದು ಇನ್ನೂ ಒಂದು ದಿನ ತುಂಬದ ಕೋಳಿಮರಿಗಳು ಪ್ರಪಾತದ ಕಡೆ ಹೆಜ್ಜೆ ಇಡಲೇ ಇಲ್ಲ. ಒಂದು ದಿನದ ಮೇಕೆಮರಿ, ಕುರಿಮರಿಗಳೂ ಇಡಲಿಲ್ಲ. ಆದರೆ ಕತ್ತಲಲ್ಲಿ ಬೆಳೆದ ಬೆಕ್ಕಿನ ಮರಿಗಳಿಗೆ ಮೊದಮೊದಲು ಎರಡೂ ಬದಿಯ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬೆಳಕಿನಲ್ಲಿ ಕೆಲವು ದಿನ ಕಳೆದ ಮೇಲೆ ಗೊತ್ತಾಯಿತು. ಅಂದರೆ ಎಲ್ಲ ಪ್ರಾಣಿಗಳಿಗೂ ಒಂದೇ ಉತ್ತರವಿಲ್ಲ. ಜನರ ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಕಳೆದುಹೋದದ್ದು ಈ ಬೆಕ್ಕಿನ ಮರಿಗಳ ಕಥೆಯೇ.

36 ಮಕ್ಕಳು ಏನು ಮಾಡಿದವು?

1960ರಲ್ಲಿ ಗಿಬ್ಸನ್ ಮತ್ತು ವಾಕ್ ಮಾನವ ಶಿಶುಗಳ ಫಲಿತಾಂಶ ಪ್ರಕಟಿಸಿದರು. ಆರರಿಂದ ಹದಿನಾಲ್ಕು ತಿಂಗಳ 36 ಮಕ್ಕಳು. ಎಲ್ಲವೂ ಆಗಲೇ ತೆವಳಲೋ ಅಂಬೆಗಾಲಿಡಲೋ ಕಲಿತಿದ್ದವು. ಮಗುವನ್ನು ನಡುವಿನ ಹಲಗೆಯ ಮೇಲೆ ಬಿಟ್ಟು, ಅಮ್ಮ ಒಮ್ಮೆ ಈ ಬದಿಯಿಂದ ಒಮ್ಮೆ ಆ ಬದಿಯಿಂದ ಕರೆಯುತ್ತಿದ್ದಳು.

27 ಮಕ್ಕಳು ಹಲಗೆ ಬಿಟ್ಟು ಕದಲಿದವು. ಆ ಎಲ್ಲವೂ ಆಳವಿಲ್ಲದ ಬದಿಗೆ ಒಮ್ಮೆಯಾದರೂ ಹೋದವು. ಪ್ರಪಾತದ ಗಾಜಿನ ಮೇಲೆ ಹೋದದ್ದು ಮೂರೇ. ಉಳಿದವುಗಳಲ್ಲಿ ಕೆಲವು ಅಮ್ಮ ಆ ಕಡೆಯಿಂದ ಕರೆದಾಗ ಅವಳಿಂದ ದೂರಕ್ಕೇ ಹೋದವು. ಕೆಲವು ಅಂಚಿನಲ್ಲೇ ಕೂತು ಅತ್ತವು. ಕೆಲವು ಬಗ್ಗಿ ಇಣುಕಿದವು. ಕೆಲವು ಗಾಜನ್ನು ಕೈಯಿಂದ ತಟ್ಟಿ ನೋಡಿದವು. ಗಟ್ಟಿಯಾಗಿದೆ ಎಂದು ಕೈ ಹೇಳಿದರೂ ಕಣ್ಣಿನ ಮಾತನ್ನೇ ನಂಬಿ ಹಿಂದೆ ಸರಿದವು.

ಇಲ್ಲಿ ಎರಡು ವಿಷಯ ಬೇರೆಬೇರೆ ಮಾಡಿ ನೋಡಬೇಕು. ಆಳವನ್ನು ಕಾಣುವುದು ಒಂದು, ಆಳಕ್ಕೆ ಹೆದರುವುದು ಇನ್ನೊಂದು. ಪ್ರಯೋಗ ತೋರಿಸಿದ್ದು ಇಷ್ಟೇ: ಅಂಬೆಗಾಲಿಡುವ ವಯಸ್ಸಿಗೆ ಬರುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಆಳ ಕಾಣುತ್ತದೆ, ಅವು ಅತ್ತ ಹೋಗುವುದನ್ನು ತಪ್ಪಿಸುತ್ತವೆ. ಹುಟ್ಟಿನಿಂದಲೇ ಹೀಗೆ ಎನ್ನಲು ಈ ಪ್ರಯೋಗದಿಂದ ಆಗದು. ಕಾರಣ ಸ್ಪಷ್ಟ. ಮೇಕೆಮರಿ ಹುಟ್ಟಿದ ದಿನವೇ ನಡೆಯುತ್ತದೆ, ಅದನ್ನು ಅಂದೇ ಪರೀಕ್ಷಿಸಬಹುದು. ಮಗು ಚಲಿಸತೊಡಗುವ ಹೊತ್ತಿಗೆ ಆರು ತಿಂಗಳು ಜಗತ್ತನ್ನು ನೋಡಿರುತ್ತದೆ. ಈ ಮಿತಿಯನ್ನು ಗಿಬ್ಸನ್ ಮತ್ತು ವಾಕ್ ಆ ಲೇಖನದಲ್ಲೇ ಬರೆದಿದ್ದರು.

ಭಯದ ವಿಷಯ ಆಮೇಲೆ ಬೇರೆಯವರು ಕೆದಕಿದರು. ಮನೋವಿಜ್ಞಾನಿ ಜೋಸೆಫ್ ಕ್ಯಾಂಪೋಸ್ ಮತ್ತು ಜೊತೆಗಾರರು 1970ರಲ್ಲಿ, ಇನ್ನೂ ತೆವಳಲು ಬಾರದ ಎಳೆಯ ಮಕ್ಕಳನ್ನು ಗಾಜಿನ ಮೇಲೆ ಮಲಗಿಸಿ ಎದೆಬಡಿತ ಅಳೆದರು. ಆಳದ ಬದಿಯಲ್ಲಿ ಬಡಿತ ಇಳಿಯಿತು. ಹೆದರಿದರೆ ಬಡಿತ ಏರಬೇಕು. ಇಳಿಯುವುದು ಗಮನವಿಟ್ಟು ನೋಡುತ್ತಿರುವುದರ ಗುರುತು. ಅಂದರೆ ಆ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು, ಭಯವಿರಲಿಲ್ಲ. 1985ರ ಇನ್ನೊಂದು ಅಧ್ಯಯನದಲ್ಲಿ ಕ್ಯಾಂಪೋಸ್ ಇದ್ದ ಬೇರೊಂದು ತಂಡದವರು ಪ್ರಪಾತದ ಆಳವನ್ನು ಸುಮಾರು 30 ಸೆಂಟಿಮೀಟರ್‌ಗೆ ಇಳಿಸಿದರು. ಹೋಗಬೇಕೋ ಬೇಡವೋ ಎಂದು ಅನುಮಾನ ಬರುವಷ್ಟು ಆಳ. ಒಂದು ವರ್ಷದ ಮಕ್ಕಳು ಅಂಚಿಗೆ ಬಂದು ಅಮ್ಮನ ಮುಖ ನೋಡಿದವು. ಅಮ್ಮ ನಗುತ್ತಿದ್ದಾಗ 19ರಲ್ಲಿ 14 ಮಕ್ಕಳು ದಾಟಿದವು. ಅಮ್ಮ ಭಯದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಅನುಮಾನ ಬಂದಾಗ ಮಗು ತನ್ನ ಕಣ್ಣನ್ನಷ್ಟೇ ಅಲ್ಲ, ಅಮ್ಮನ ಮುಖವನ್ನೂ ಓದುತ್ತದೆ.

ತಮ್ಮ ವಿವರಣೆಯನ್ನೇ ಪರೀಕ್ಷೆಗೆ ಒಡ್ಡಿದ್ದು

ಗಾಜಿನ ಪ್ರಪಾತ ಇಷ್ಟು ಹೆಸರು ಮಾಡಿದ್ದರಿಂದ ಗಿಬ್ಸನ್ ಅವರ ಉಳಿದ ಕೆಲಸ ಮರೆಯಾಯಿತು. 1960ರ ದಶಕದಲ್ಲಿ ಅವರು ಓದುವುದನ್ನು ಕಲಿಯುವುದು ಹೇಗೆ ಎಂಬುದರ ಮೇಲೆ ಬಹಳ ಕೆಲಸ ಮಾಡಿದರು. ಅದೇ ಪ್ರಶ್ನೆ, ಬೇರೆ ಜಾಗ. ಇಂಗ್ಲಿಷಿನ ಸಿ ಮತ್ತು ಜಿ ಅಕ್ಷರಗಳು ಕಲಿಯದವರಿಗೆ ಒಂದೇ ಥರ ಕಾಣುತ್ತವೆ. ಬೇರೆ ಮಾಡುವ ಆ ಒಂದು ಗೀಟನ್ನು ಕಣ್ಣು ಹಿಡಿಯಲು ಕಲಿಯಬೇಕು.

ಅವರ ಒಂದು ಪ್ರಯೋಗ ನನಗೆ ಗಾಜಿನ ಪ್ರಪಾತಕ್ಕಿಂತಲೂ ಇಷ್ಟ. ಅರ್ಥವಿಲ್ಲದ ಪದಗಳನ್ನು ಪರದೆಯ ಮೇಲೆ ಕ್ಷಣಕಾಲ ತೋರಿಸುತ್ತಿದ್ದರು. ಕೆಲವು ಪದ ಗ್ಲರ್ಕ್ ಎಂಬಂಥವು, ಬಾಯಲ್ಲಿ ಹೇಳಬಹುದಾದವು. ಅವೇ ಅಕ್ಷರಗಳ ಗುಂಪುಗಳನ್ನು ಹಿಂದುಮುಂದು ಮಾಡಿದರೆ ಹೇಳಲಾಗದ ಪದ ಆಗುತ್ತದೆ. ಹೇಳಬಹುದಾದ ಪದಗಳನ್ನೇ ಜನ ಚೆನ್ನಾಗಿ ಗುರುತಿಸಿದರು. ಹಾಗಾದರೆ ಮನಸ್ಸಿನಲ್ಲೇ ಉಚ್ಚರಿಸಿಕೊಳ್ಳುವುದರಿಂದ ಓದು ಸುಲಭವಾಗುತ್ತದೆ ಎಂದು 1962ರಲ್ಲಿ ಗಿಬ್ಸನ್ ತಂಡ ವಿವರಿಸಿತು.

ಅಲ್ಲಿಗೇ ಬಿಡಬಹುದಿತ್ತು, ಬಿಡಲಿಲ್ಲ. ಅದು ನಿಜವಾದರೆ ಕಿವಿ ಕೇಳದವರಿಗೆ ಈ ಅನುಕೂಲ ಇರಬಾರದು, ಅಲ್ವಾ? ಕಿವಿ ಕೇಳದ ವಿದ್ಯಾರ್ಥಿಗಳ ಮೇಲೆ ಅದೇ ಪ್ರಯೋಗ ಮಾಡಿದರು. ಅವರಿಗೂ ಅಂಥ ಪದಗಳೇ ಸುಲಭವಾದವು. ಕಾರಣ ಉಚ್ಚಾರಣೆಯಲ್ಲ, ಯಾವ ಅಕ್ಷರದ ಪಕ್ಕ ಯಾವುದು ಬರುತ್ತದೆ ಎಂಬ ಬರವಣಿಗೆಯ ಕ್ರಮ ಎಂದು 1970ರಲ್ಲಿ ತಮ್ಮ ಮೊದಲ ವಿವರಣೆಯನ್ನು ತಾವೇ ಬದಲಿಸಿ ಪ್ರಕಟಿಸಿದರು. ತಮ್ಮ ಉತ್ತರ ಎಲ್ಲಿ ಮುರಿಯಬಹುದೋ ಆ ಜಾಗವನ್ನು ತಾವೇ ಹುಡುಕಿಕೊಂಡು ಹೋಗುವ ಈ ಗುಣವನ್ನು ಪಕ್ಕದಲ್ಲಿದ್ದ ವಿದ್ಯಾರ್ಥಿಗಳು ನೋಡುತ್ತಿದ್ದರು. 1970ರ ಆ ಅಧ್ಯಯನದಲ್ಲಿ ಜೊತೆಗಿದ್ದ ಆಲ್ಬರ್ಟ್ ಯೋನಸ್, ಗಿಬ್ಸನ್ ಅವರದೇ ಶಿಷ್ಯ.

ಶಿಷ್ಯರು ಎತ್ತ ಹೋದರು?

1966ರಲ್ಲಿ ಕೊನೆಗೂ ಕಾರ್ನೆಲ್ ಅವರನ್ನು ಪ್ರೊಫೆಸರ್ ಮಾಡಿತು. ಆಗ ಅವರಿಗೆ 55 ದಾಟಿತ್ತು. 1971ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಬಂತು. ಮರುವರ್ಷ ದತ್ತಿ ಪ್ರಾಧ್ಯಾಪಕ ಪೀಠವೂ ಸಿಕ್ಕಿತು. ಕಾರ್ನೆಲ್‌ನಲ್ಲಿ ಅಂಥ ಪೀಠ ಪಡೆದ ಮೊದಲ ಮಹಿಳೆ ಅವರು. ಶಿಶುಗಳ ಅಧ್ಯಯನಕ್ಕೆ ತಮ್ಮದೇ ಪ್ರಯೋಗಾಲಯ ಸಿಕ್ಕಿದ್ದು ಅರವತ್ತು ದಾಟಿದ ಮೇಲೆ.

ಅವರ ಶಿಷ್ಯರ ಪಟ್ಟಿ ಉದ್ದವಿದೆ. ಹರ್ಬರ್ಟ್ ಪಿಕ್, ಆನ್ ಪಿಕ್ ಮತ್ತು ಯೋನಸ್ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಮಕ್ಕಳ ಗ್ರಹಿಕೆಯ ಅಧ್ಯಯನ ಬೆಳೆಸಿದರು. ಯೋನಸ್ ಅವರ ಕೆಲಸದಿಂದ, ಚಿತ್ರದಲ್ಲಿರುವ ಹತ್ತಿರ ದೂರದ ಸುಳಿವುಗಳು ಮಗುವಿಗೆ ಸುಮಾರು ಏಳು ತಿಂಗಳ ಹೊತ್ತಿಗೆ ಹಿಡಿತಕ್ಕೆ ಬರುತ್ತವೆ ಎಂದು ತಿಳಿಯಿತು.

ಎಲಿಜಬೆತ್ ಸ್ಪೆಲ್ಕಿ 1978ರಲ್ಲಿ ಕಾರ್ನೆಲ್‌ನಿಂದ ಡಾಕ್ಟರೇಟ್ ಪಡೆದರು. ಅವರ ಆರಂಭದ ಪ್ರಯೋಗ ನೋಡಿ. ನಾಲ್ಕು ತಿಂಗಳ ಮಗುವಿನ ಮುಂದೆ ಎರಡು ಚಲನಚಿತ್ರಗಳನ್ನು ಅಕ್ಕಪಕ್ಕ ಓಡಿಸಿದರು. ಸದ್ದು ಮಾತ್ರ ಒಂದರದ್ದು, ಅದೂ ನಡುವಿನಿಂದ ಬರುವ ಹಾಗೆ. ಮಗು ಆ ಸದ್ದಿಗೆ ಹೊಂದುವ ಚಿತ್ರವನ್ನೇ ಜಾಸ್ತಿ ಹೊತ್ತು ನೋಡಿತು. ಕಂಡದ್ದಕ್ಕೂ ಕೇಳಿದ್ದಕ್ಕೂ ನಂಟಿದೆ ಎಂದು ಅದಕ್ಕೆ ಗೊತ್ತು. ಸ್ಪೆಲ್ಕಿ ಇಂದು ಈ ಕ್ಷೇತ್ರದ ದೊಡ್ಡ ಹೆಸರುಗಳಲ್ಲಿ ಒಬ್ಬರು. ವಸ್ತು, ಸಂಖ್ಯೆ, ಜಾಗ ಇಂಥವುಗಳ ಮೂಲ ತಿಳಿವಳಿಕೆ ಮಗುವಿಗೆ ಹುಟ್ಟಿನಿಂದಲೇ ಇದೆ ಎಂಬುದು ಅವರ ವಾದ. ಗಿಬ್ಸನ್ ಅವರ ವಾದ ಇದಲ್ಲ. ಮಗು ಚಲಿಸುತ್ತ, ಹುಡುಕುತ್ತ, ಸುತ್ತಲಿಂದಲೇ ಅರ್ಥ ಪಡೆಯುತ್ತದೆ ಎಂದು ಅವರು ನಂಬಿದ್ದರು. ಶಿಷ್ಯೆ ಗುರುವಿನಿಂದ ತೆಗೆದುಕೊಂಡದ್ದು ಕೇಳುವ ವಿಧಾನವನ್ನು. ಉತ್ತರವನ್ನು ತಾವೇ ಹುಡುಕಿಕೊಂಡರು.

ನೀರಿನ ಹಾಸಿಗೆ, ಇಳಿಜಾರು, ಕಂದಕ

ನಿವೃತ್ತಿಯ ಹೊತ್ತಿಗೆ ಗಿಬ್ಸನ್ ಅವರ ಪ್ರಶ್ನೆ ಇನ್ನೊಂದು ರೂಪ ಪಡೆದಿತ್ತು. ಜೇಮ್ಸ್ ಗಿಬ್ಸನ್ ಅಫೋರ್ಡೆನ್ಸ್ ಎಂಬ ವಿಚಾರವನ್ನು ಕೊಟ್ಟಿದ್ದರು. ಒಂದು ವಸ್ತು ಅಥವಾ ಜಾಗ ನಮಗೆ ಯಾವ ಕೆಲಸಕ್ಕೆ ಅವಕಾಶ ಕೊಡುತ್ತದೆ ಎಂಬುದೇ ಅದು. ಕುರ್ಚಿ ಕೂರಲು ಅವಕಾಶ ಕೊಡುತ್ತದೆ, ಆದರೆ ಅದರಷ್ಟೇ ಎತ್ತರವಿರುವ ಮಗುವಿಗೆ ಅಲ್ಲ. ಅಂದರೆ ಅವಕಾಶ ವಸ್ತುವಿನಲ್ಲೂ ಇದೆ, ನೋಡುವವರ ದೇಹದಲ್ಲೂ ಇದೆ. ಮಗು ಇದನ್ನು ಕಾಣಲು ಕಲಿಯುವುದು ಹೇಗೆ ಎಂದು ಎಲಿನಾರ್ ಕೇಳಿದರು.

1987ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಕ್ಕಳ ಮುಂದೆ ಒಮ್ಮೆ ಗಟ್ಟಿ ಹಲಗೆ, ಒಮ್ಮೆ ನೀರು ತುಂಬಿದ ಹಾಸಿಗೆ ಇಟ್ಟರು. ಅಂಬೆಗಾಲಿಡುವ ಮಕ್ಕಳು ಎರಡನ್ನೂ ದಾಟಿದವು. ನಡೆಯಲು ಕಲಿತ ಮಕ್ಕಳು ಓಲಾಡುವ ಹಾಸಿಗೆಯ ಮುಂದೆ ತಡೆದು ನಿಂತವು, ನೋಡಿದವು, ಮುಟ್ಟಿದವು. ದಾಟಿದವು ಕೂಡ ನಡೆಯದೆ ಅಂಬೆಗಾಲಿನಲ್ಲಿ ಹೋದವು. ಅದೇ ಹಾಸಿಗೆ ನಾಲ್ಕು ಕಾಲಿನವರಿಗೆ ದಾರಿ, ಎರಡು ಕಾಲಿನವರಿಗೆ ಅಲ್ಲ.

ಈ ಎಳೆಯನ್ನು ಹಿಡಿದು ಮುಂದೆ ಹೋದವರು ಕರೆನ್ ಅಡಾಲ್ಫ್. ಎಮರಿ ವಿಶ್ವವಿದ್ಯಾಲಯದಲ್ಲಿ ಗಿಬ್ಸನ್ ಅವರ ಜೊತೆ ಕೆಲಸ ಮಾಡಿ 1993ರಲ್ಲಿ ಡಾಕ್ಟರೇಟ್ ಪಡೆದರು, ನಂತರ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋದರು. ಅಡಾಲ್ಫ್ ಗಾಜನ್ನು ತೆಗೆದುಹಾಕಿದರು. ಓರೆ ಬದಲಿಸಬಹುದಾದ ಇಳಿಜಾರನ್ನು ಮಾಡಿ, ಅಂಬೆಗಾಲಿನ ಮೊದಲ ದಿನಗಳಿಂದ ನಡೆಯಲು ಕಲಿಯುವವರೆಗೆ ಅವೇ ಮಕ್ಕಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಬೀಳುವ ಮಗುವನ್ನು ಹಿಡಿಯಲು ಪಕ್ಕದಲ್ಲೇ ಒಬ್ಬರು ಇರುತ್ತಿದ್ದರು.

ಹೊಸದಾಗಿ ಅಂಬೆಗಾಲಿಡುವ ಮಕ್ಕಳು ಕಡಿದಾದ ಇಳಿಜಾರಿನಲ್ಲೂ ಹಿಂದೆ ಮುಂದೆ ನೋಡದೆ ತಲೆ ಮುಂದಾಗಿ ಇಳಿದವು. ವಾರಗಳು ಕಳೆದ ಹಾಗೆ ಎಷ್ಟು ಓರೆಯವರೆಗೆ ತಮಗೆ ಸಾಧ್ಯ ಎಂದು ಕಲಿತವು. ಆಗದಿದ್ದಲ್ಲಿ ನಿಂತವು, ಇಲ್ಲವೇ ತಿರುಗಿ ಕಾಲು ಮುಂದೆ ಮಾಡಿ ಜಾರಿದವು. ಆಮೇಲೆ ಅವೇ ಮಕ್ಕಳು ನಡೆಯಲು ಶುರು ಮಾಡಿದವು. ಆಗ ಕಲಿತದ್ದೆಲ್ಲ ಇಲ್ಲದಂತಾಯಿತು! ಮತ್ತೆ ಕಡಿದಾದ ಇಳಿಜಾರಿಗೆ ನೇರ ಹೆಜ್ಜೆ ಇಟ್ಟವು. ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು.

2000ದಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ನೇರ. ಒಂಬತ್ತೂವರೆ ತಿಂಗಳ ಮಕ್ಕಳು, ಎದುರಿಗೆ ಕಂದಕ, ಆಚೆ ಆಟಿಕೆ. ಕೂರುವುದರಲ್ಲಿ ಪಳಗಿದ್ದ ಈ ಮಕ್ಕಳು ಕೂತಿದ್ದಾಗ ಎಷ್ಟು ಬಗ್ಗಬಹುದೆಂದು ಸರಿಯಾಗಿ ಅಂದಾಜು ಮಾಡಿದವು. ಅದೇ ಮಕ್ಕಳನ್ನು ಅಂಬೆಗಾಲಿನಲ್ಲಿ ಬಿಟ್ಟಾಗ ದಾಟಲಾಗದಷ್ಟು ಅಗಲದ ಕಂದಕಕ್ಕೂ ನುಗ್ಗಿದವು. ಅದೇ ಮಗು, ಅದೇ ದಿನ, ಅದೇ ಕಂದಕ.

ಯಾಕೆ ಹೀಗೆ? ಕೂತಾಗ ದೇಹ ಸೊಂಟದ ಮೇಲೆ ತೂಗುತ್ತದೆ. ಅಂಬೆಗಾಲಿನಲ್ಲಿ ತೂಕ ಕೈ ಮತ್ತು ಮೊಣಕಾಲಿನ ಮೇಲೆ. ಆಯ ತಪ್ಪದ ಹಾಗೆ ಹಿಡಿಯುವ ಸ್ನಾಯುಗಳು ಬೇರೆ, ಕಣ್ಣಿಗೆ ಕಾಣುವ ನೋಟ ಬೇರೆ. ಮಗು ಕಲಿಯುವುದು ಅಂಚು ಅಪಾಯ ಎಂಬ ಪಾಠವನ್ನಲ್ಲ. ಈ ಭಂಗಿಯಲ್ಲಿ ನನ್ನ ದೇಹಕ್ಕೆ ಇಷ್ಟು ಸಾಧ್ಯ ಎಂಬ ಅಂದಾಜನ್ನು. ಭಂಗಿ ಬದಲಾದರೆ ಅಂದಾಜೂ ಹೊಸದಾಗಿ ಬರಬೇಕು.

ಹಾಗಾದರೆ ಎತ್ತರದ ಭಯ?

ಅಂಚಿನಲ್ಲಿ ನಿಂತ ಮಕ್ಕಳ ಮುಖವನ್ನೂ ಅಡಾಲ್ಫ್ ಗಮನಿಸಿದರು. ಹೆಚ್ಚಿನ ಮಕ್ಕಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಂಚಿನ ಹತ್ತಿರವೇ ಹೋಗಿ, ಕೈ ಚಾಚಿ, ಬಗ್ಗಿ ನೋಡಿ, ಬೇರೆ ದಾರಿ ಹುಡುಕುತ್ತಿದ್ದವು. ಹೆದರಿದವರು ಅಂಚಿನಿಂದ ದೂರ ಇರುತ್ತಾರೆ. ಇವು ಅಂಚನ್ನು ಪರೀಕ್ಷಿಸುತ್ತಿದ್ದವು. ಶಿಶುಗಳು ಎತ್ತರವನ್ನು ತಪ್ಪಿಸುವುದಕ್ಕೆ ಭಯ ಕಾರಣವೆನ್ನಲು ಆಧಾರವಿಲ್ಲ ಎಂದು 2014ರಲ್ಲಿ ಅವರು ಜೊತೆಗಾರರೊಡನೆ ಬರೆದರು. ಗುರುವಿನ ಅತಿ ಪ್ರಸಿದ್ಧ ಪ್ರಯೋಗಕ್ಕೆ ಜನ ಅಂಟಿಸಿದ್ದ ಅರ್ಥವನ್ನು ಶಿಷ್ಯೆಯ ಕೆಲಸ ಬಿಡಿಸಿ ತೆಗೆಯಿತು.

ಬಿದ್ದು ಕಲಿಯುತ್ತದೆ ಬಿಡಿ ಎಂದು ಅನ್ನುವವರೂ ಇದ್ದಾರೆ. ನಡೆಯಲು ಕಲಿಯುತ್ತಿರುವ ಮಕ್ಕಳನ್ನು ಅಡಾಲ್ಫ್ ತಂಡ ಎಣಿಸಿ ನೋಡಿದೆ. 12ರಿಂದ 19 ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತವೆ, 17 ಸಲ ಬೀಳುತ್ತವೆ. ಸಮತಟ್ಟಾದ ನೆಲದ ಮೇಲಿನ ಇಂಥ ಸಣ್ಣ ಬೀಳುಗಳಿಗೆ ಮಗು ಸಾಮಾನ್ಯವಾಗಿ ಅಳುವುದೂ ಇಲ್ಲ, ಎದ್ದು ಹೋಗುತ್ತದೆ. ಕಲಿಕೆಗೆ ಬೇಕಿರುವುದು ಹೀಗೆ ಸುರಕ್ಷಿತವಾಗಿ ಓಡಾಡುವ ಬಿಡುವು. ಮಂಚದಿಂದಲೋ ಮೆಟ್ಟಿಲಿನಿಂದಲೋ ಬೀಳುವುದು ಬೇರೆಯೇ ಮಾತು.

ಗಿಬ್ಸನ್ ಅವರಿಗೆ 1992ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಸಿಕ್ಕಿತು. 2000ದಲ್ಲಿ, ತೊಂಬತ್ತರ ಹತ್ತಿರದಲ್ಲಿ, ಹಳೆಯ ಶಿಷ್ಯೆ ಆನ್ ಪಿಕ್ ಜೊತೆ ಸೇರಿ ಮಕ್ಕಳ ಗ್ರಹಿಕೆಯ ಬಗ್ಗೆ ಇನ್ನೊಂದು ಪುಸ್ತಕ ಬರೆದರು.

ಇನ್ನು ಅಪ್ಪ ಅಮ್ಮಂದಿರ ಪ್ರಶ್ನೆ. ಮಗು ಹೊಸದಾಗಿ ತೆವಳಲು, ಅಂಬೆಗಾಲಿಡಲು ಅಥವಾ ನಡೆಯಲು ಶುರು ಮಾಡಿದ ವಾರಗಳೇ ಅಂಚುಗಳ ಬಳಿ ಹೆಚ್ಚು ಅಪಾಯದವು. ಹಿಂದಿನ ಭಂಗಿಯಲ್ಲಿ ಅದು ಎಷ್ಟು ಜಾಣತನ ತೋರಿಸಿತ್ತು ಎಂಬುದನ್ನು ನಂಬಿಕೊಳ್ಳುವಂತಿಲ್ಲ. 1960ರ ಲೇಖನದಲ್ಲೇ ಇದರ ಸುಳಿವಿತ್ತು. ಆಳವನ್ನು ಚೆನ್ನಾಗಿ ಗುರುತಿಸುತ್ತಿದ್ದ ಕೆಲವು ಮಕ್ಕಳು ಹಲಗೆಯ ಮೇಲೆ ತಿರುಗಿಕೊಳ್ಳುವಾಗ, ತಮಗೇ ಗೊತ್ತಿಲ್ಲದೆ ಹಿಂಬದಿಯಿಂದ ಗಾಜಿನ ಮೇಲೆ ಸರಿದಿದ್ದವು. ಗಾಜು ಇಲ್ಲದಿದ್ದರೆ ಬೀಳುತ್ತಿದ್ದವು. ಎಷ್ಟೇ ಚೆನ್ನಾಗಿ ಆಳ ಗುರುತಿಸಿದರೂ ಈ ವಯಸ್ಸಿನ ಮಕ್ಕಳನ್ನು ಅಂಚಿನ ಹತ್ತಿರ ಬಿಡಬಾರದು ಎಂದು ಗಿಬ್ಸನ್ ಮತ್ತು ವಾಕ್ ಅಂದೇ ಬರೆದಿದ್ದರು.